ಮಕ್ಕಳ ಕೈಗೆ ಒಂದಿಷ್ಟು ಮಣ್ಣು



ಎರಡು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಮನೆಭೇಟಿಗೆ ಹೊರಟಿದ್ದೆ. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಧರ್ಮಕೇಂದ್ರದಲ್ಲಿ ಜೂನ್ ಎಂದರೆ ಕೊಡೆ ಒಣಗಲು ಬಿಡುವಿಲ್ಲದ ತಿಂಗಳು. ಒಂದು ಮನೆಯ ಸೂರಿನಡಿ ನಿಂತು ಚಪ್ಪಲಿ ಬಿಡುತ್ತಿದ್ದಾಗ ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದ ಡಬ್ಬಿಗಳು ಕಣ್ಣಿಗೆ ಬಿದ್ದವು. ಎಣ್ಣೆಯ ಡಬ್ಬಿ, ಬಣ್ಣದ ಬಕೆಟ್, ಒಡೆದ ಕೊಡದ ಅರ್ಧಭಾಗ ಎಲ್ಲ ಸೇರಿ ಹದಿನಾಲ್ಕು. ಒಂದೊಂದರಲ್ಲೂ ಒಂದೊಂದು ಗಿಡ. ಪ್ರತಿ ಗಿಡದ ಬುಡದಲ್ಲಿ ಐಸ್‌ಕ್ರೀಂ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಒಂದು ಪಟ್ಟಿ. ಮೊದಲನೆಯದರ ಮೇಲೆ ಹೀಗೆ ಬರೆದಿತ್ತು: "ದೊಡ್ಡಪತ್ರೆ. ಮೇ 12. ಕೊಟ್ಟವರು: ಹಾಲಿನ ಡೇರಿ ಪಕ್ಕದ ಅಜ್ಜಿ."

ನಾನು ಬಗ್ಗಿ ಓದುತ್ತಿರುವುದನ್ನು ಕಂಡು ಮನೆಯ ತಾಯಿ ಒಳಗಿನಿಂದಲೇ ಹೇಳಿದರು: "ಫಾದರ್, ನೀವಾದರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಬರುವ ವರ್ಷ ಎಸ್.ಎಸ್.ಎಲ್.ಸಿ. ಪುಸ್ತಕ ಹಿಡಿಯೋದಕ್ಕಿಂತ ಈ ಡಬ್ಬಿ ಹಿಡಿಯೋದೇ ಜಾಸ್ತಿಯಾಗಿದೆ."

ಅಂದು ನಾನು ಆ ಹುಡುಗಿಗೆ ಬುದ್ಧಿ ಹೇಳಲಿಲ್ಲ. ಮುಂದೆ ಅವಳಿಂದ ನಾನೇ ಬುದ್ಧಿ ಕಲಿಯಬೇಕಾಯಿತು. ಆ ಮನೆಯವರ ಒಪ್ಪಿಗೆ ಪಡೆದು, ಅವರ ಹೆಸರು ಹೇಳದೆ, ಈ ವಾರ ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಅಜ್ಜಿಯ ಕೆಮ್ಮಿನಿಂದ ಆರಂಭ

ಹುಡುಗಿ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಕೇಳಿದಾಗ ಮೊದಲು ನಾಚಿಕೊಂಡಳು. ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. ಬೇಸಿಗೆ ರಜೆಯಲ್ಲಿ ಅವಳ ಅಜ್ಜಿಗೆ ಕೆಮ್ಮು ಹಿಡಿದಿತ್ತಂತೆ. "ಎರಡು ದೊಡ್ಡಪತ್ರೆ ಎಲೆ ಸಿಕ್ಕಿದ್ದರೆ ಬಾಡಿಸಿ ರಸ ತೆಗೆದು ಜೇನಿನಲ್ಲಿ ನೆಕ್ಕುತ್ತಿದ್ದೆ" ಎಂದು ಅಜ್ಜಿ ಗೊಣಗಿಕೊಂಡರಂತೆ. ಮೊಮ್ಮಗಳು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹನ್ನೊಂದು ಮನೆ ಕೇಳಿ ಬಂದಳು. ಎಲ್ಲೂ ಇಲ್ಲ. ಒಂದು ಕಾಲಕ್ಕೆ ಪ್ರತಿ ಹಿತ್ತಿಲಲ್ಲೂ ಬಚ್ಚಲ ನೀರು ಕುಡಿದು ಬೆಳೆಯುತ್ತಿದ್ದ ಗಿಡ ಅದು. ಈಗ ಹಿತ್ತಿಲಿಗೆ ಸಿಮೆಂಟು, ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ. ಗಿಡ ಎಲ್ಲಿ ಉಳಿದೀತು? ಕೊನೆಗೆ ಬಸ್ ಸ್ಟ್ಯಾಂಡಿನ ಆಚೆ, ಡೇರಿಯ ಪಕ್ಕದ ಒಂದು ಹಳೆಯ ಮನೆಯಲ್ಲಿ ಸಿಕ್ಕಿತು.

"ನಾನು ಎರಡು ಎಲೆ ಕೇಳಿದ್ದೆ ಫಾದರ್, ಅವರು ಒಂದು ಕೊಂಬೆಯನ್ನೇ ಮುರಿದು ಕೊಟ್ಟರು. ನೆಟ್ಟುಕೋ ಮಗಳೇ, ನಾಳೆ ಯಾರಾದರೂ ಕೇಳಿದರೆ ನೀನು ಕೊಡು ಅಂದರು."

ಆ ಒಂದು ಮಾತೇ ಅವಳ ತೋಟದ ನಿಯಮವಾಯಿತು. ದೊಡ್ಡಪತ್ರೆಯ ಹಿಂದೆ ಒಂದೆಲಗ ಬಂತು, ಪುದೀನ ಬಂತು, ಮಜ್ಜಿಗೆ ಹುಲ್ಲು, ತುಳಸಿ, ಲೋಳೆಸರ, ಅಮೃತಬಳ್ಳಿ ಬಂದವು. ಯಾವ ಗಿಡವನ್ನೂ ದುಡ್ಡು ಕೊಟ್ಟು ತಂದಿರಲಿಲ್ಲ. ಯಾರಾದರೂ ಕೇಳಿದರೆ ಕೊಂಬೆ ಕೊಡುತ್ತಿದ್ದಳು, ಹಣ ತೆಗೆದುಕೊಳ್ಳುತ್ತಿರಲಿಲ್ಲ. "ನಿಮ್ಮಲ್ಲಿ ಬೆಳೆದ ಮೇಲೆ ನೀವೂ ಒಬ್ಬರಿಗೆ ಕೊಡಬೇಕು" ಎಂದಷ್ಟೇ ಹೇಳುತ್ತಿದ್ದಳು. ಒಂದು ಹಳೆಯ ನೋಟ್ ಪುಸ್ತಕದಲ್ಲಿ ಯಾರಿಗೆ ಯಾವಾಗ ಏನು ಕೊಟ್ಟೆ, ಅದು ಬದುಕಿತೋ ಸತ್ತಿತೋ ಎಂದು ಬರೆದಿಡುತ್ತಿದ್ದಳು. ಪಕ್ಕದ ಮನೆಯವರು ಬೆಳಗಿನ ಪೂಜೆಗೆ ತುಳಸಿ ಕೀಳಲು ಬರುತ್ತಿದ್ದರು. ಹಿಂದಿನ ಬೀದಿಯ ಮುಸ್ಲಿಂ ತಾಯಿ ಬಿರಿಯಾನಿಗೆ ಪುದೀನ ಒಯ್ಯುತ್ತಿದ್ದರು. ಶಾಲೆಯವರು ಹೇಳಿ ಮಾಡಿಸಿದ್ದಲ್ಲ, ಅಂಕಕ್ಕಾಗಿ ಮಾಡಿದ್ದಲ್ಲ. ತಾನೇ ಕಂಡ ಒಂದು ಕೊರತೆಗೆ ತಾನೇ ಹುಡುಕಿಕೊಂಡ ಉತ್ತರ ಅದು.

ಮಠದ ಹದಿನಾರು ಪಾತಿಗಳು

ಕಾಫಿ ಕುಡಿಯುತ್ತಾ ಆ ತಾಯಿಗೆ ಒಂದು ಹಳೆಯ ನಕ್ಷೆಯ ಕಥೆ ಹೇಳಿದೆ. ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ ಗ್ರಂಥಾಲಯದಲ್ಲಿ ಚರ್ಮದ ಹಾಳೆಯ ಮೇಲೆ ಬರೆದ ಒಂದು ನಕ್ಷೆ ಇದೆ. 9ನೆಯ ಶತಮಾನದ ಮೊದಲ ಭಾಗದಲ್ಲಿ ರೈಖೆನೌ ಎಂಬ ಮಠದಲ್ಲಿ ರಚಿತವಾದದ್ದು. ಒಂದು ಮಠದಲ್ಲಿ ಏನೇನು ಎಲ್ಲೆಲ್ಲಿ ಇರಬೇಕೆಂದು ಅದರಲ್ಲಿ ಗುರುತಿಸಿದ್ದಾರೆ: ದೇವಾಲಯ, ಶಾಲೆ, ಅಡುಗೆಮನೆ, ಕೋಳಿಗಳ ಮನೆ ಕೂಡ. ವೈದ್ಯನ ಮನೆಯ ಪಕ್ಕದಲ್ಲಿ ಒಂದು ಪುಟ್ಟ ತೋಟವಿದೆ. ಅದರಲ್ಲಿ 16 ಪಾತಿಗಳು. ಒಂದೊಂದು ಪಾತಿಯ ಮೇಲೂ ಅಲ್ಲಿ ಬೆಳೆಯಬೇಕಾದ ಗಿಡದ ಹೆಸರು. ಗುಲಾಬಿ, ಲಿಲ್ಲಿಗಳ ಜೊತೆಗೆ ಪುದೀನ, ಜೀರಿಗೆ, ಮೆಂತ್ಯ, ಸೋಂಪು. ನಮ್ಮ ಅಡುಗೆಮನೆಯ ಡಬ್ಬಿಗಳ ಹೆಸರು ಓದಿದಂತೆಯೇ ಇದೆ, ಅಲ್ಲವೇ?

ಅದೇ ರೈಖೆನೌ ಮಠದ ಅಧಿಪತಿಯಾಗಿದ್ದ ವಾಲಾಫ್ರಿಡ್ ಸ್ಟ್ರಾಬೊ ತಮ್ಮ ತೋಟದ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ದೀರ್ಘ ಕವಿತೆಯನ್ನೇ ಬರೆದಿದ್ದಾರೆ. ಅವರು ತೀರಿಕೊಂಡದ್ದು 849ರಲ್ಲಿ. ಅಂಗಳದ ತುಂಬ ಬೆಳೆದಿದ್ದ ತುರಿಕೆ ಗಿಡಗಳನ್ನು ಕಿತ್ತದ್ದು, ಮಣ್ಣು ಅಗೆದದ್ದು, ಗೊಬ್ಬರ ಹಾಕಿದ್ದು ಎಲ್ಲ ಅದರಲ್ಲಿದೆ. ಕೇಳಿದ ಮಾತನ್ನಷ್ಟೇ ಅಲ್ಲ, ಕೈ ಕೆಸರು ಮಾಡಿಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ ಎಂಬುದು ಅವರ ಹೆಮ್ಮೆ. ಕವಿತೆಯನ್ನು ಅವರು ಸಂತ ಗಾಲ್ ಮಠದ ಅಧಿಪತಿಗೆ ಅರ್ಪಿಸಿದ್ದಾರೆ. ಆ ಹಿರಿಯರು ಮರಗಳ ನೆರಳಲ್ಲಿ ಕುಳಿತಿರುವಾಗ ಶಾಲೆಯ ಹುಡುಗರು ಸುತ್ತಲೂ ಹಣ್ಣು ಆಯುತ್ತಿರುವ ಚಿತ್ರವನ್ನು ಕೊನೆಯಲ್ಲಿ ಬಿಡಿಸಿದ್ದಾರೆ. ತೋಟ, ಔಷಧಿ, ಶಾಲೆ ಅಂದಿನವರಿಗೆ ಬೇರೆಬೇರೆಯಾಗಿರಲಿಲ್ಲ.

ಶುಭಸಂದೇಶದಲ್ಲಿಯೂ ಪುದೀನ ಬರುತ್ತದೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲಿ ಕೂಡ ಹತ್ತರಲ್ಲೊಂದು ಪಾಲನ್ನು ಲೆಕ್ಕಮಾಡಿ ಒಪ್ಪಿಸುತ್ತಿದ್ದ ಫರಿಸಾಯರನ್ನು ಯೇಸುಸ್ವಾಮಿ ಗದರಿಸಿದರು (ಮತ್ತಾಯ 23:23). ಗಿಡ ಎಣಿಸಿದ್ದು ಅವರ ತಪ್ಪಾಗಿರಲಿಲ್ಲ. ಗಿಡ ಎಣಿಸುತ್ತಾ ನ್ಯಾಯವನ್ನೂ ದಯೆಯನ್ನೂ ಪ್ರಾಮಾಣಿಕತೆಯನ್ನೂ ಮರೆತದ್ದು ತಪ್ಪಾಗಿತ್ತು. ಈ ಹುಡುಗಿ ಎರಡನ್ನೂ ಒಂದೇ ನೋಟ್ ಪುಸ್ತಕದಲ್ಲಿ ಇಟ್ಟಿದ್ದಾಳೆ ಎಂದು ನನಗೆ ಅನ್ನಿಸಿತು.

ನನ್ನ ಉಪನ್ಯಾಸ ಮುಗಿದ ಮೇಲೆ ಆ ತಾಯಿ ನಕ್ಕು ಒಂದೇ ಮಾತು ಹೇಳಿದರು: "ಆ ಮಠದಲ್ಲಿ ಎಸ್.ಎಸ್.ಎಲ್.ಸಿ. ಇರಲಿಲ್ಲವಲ್ಲ ಫಾದರ್!"

ಅವರ ಆತಂಕ ಸುಳ್ಳಲ್ಲ. ಗಂಡ ಕೂಲಿ ಕೆಲಸಕ್ಕೆ ಹೋಗುವ ಮನೆ ಅದು. ಮಗಳಿಗೆ ಒಳ್ಳೆಯ ಅಂಕ ಬಂದರೆ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು. ಬಾರದಿದ್ದರೆ ಓದು ಅಲ್ಲಿಗೇ ನಿಲ್ಲಬಹುದು. ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಮಾಡಿದ ತಪ್ಪು

ಉತ್ತರ ಹುಡುಕುವ ಬದಲು ನಾನು ಉತ್ಸಾಹಕ್ಕೆ ಬಿದ್ದೆ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಹುಡುಗಿಯನ್ನು ಮುಂದೆ ಕರೆದು ನಿಲ್ಲಿಸಿ ಹೊಗಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಪ್ಟೆಂಬರಿನಲ್ಲಿ ಬರುವ ನಮ್ಮ ದೇವಾಲಯದ ಹಬ್ಬಕ್ಕೆ ಧರ್ಮಕೇಂದ್ರದ ವತಿಯಿಂದ 200 ಔಷಧಿ ಗಿಡಗಳ ಮಳಿಗೆ ಇಡುವುದೆಂದು ಅಲ್ಲೇ ಪ್ರಕಟಿಸಿಬಿಟ್ಟೆ. ಯುವಜನರ ಸಂಘಕ್ಕೆ ಜವಾಬ್ದಾರಿ, ದೊಡ್ಡ ಬ್ಯಾನರ್, ಗಿಡವೊಂದಕ್ಕೆ 20 ರೂಪಾಯಿ. ಬಂದ ಹಣ ದೇವಾಲಯದ ಮಾಡಿನ ರಿಪೇರಿಗೆ. ಒಳ್ಳೆಯ ಉದ್ದೇಶ ತಾನೇ? ಹುಡುಗಿಯನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವಳು ಬೇಡವೆನ್ನಲೂ ಇಲ್ಲ. ನಮ್ಮ ಊರುಗಳಲ್ಲಿ ಗುರುಗಳಿಗೆ ಬೇಡ ಎನ್ನುವ ಮಕ್ಕಳು ಎಲ್ಲಿದ್ದಾರೆ?

ಆಗಸ್ಟಿನಲ್ಲಿ ಮಳೆ ಬಿಡಲಿಲ್ಲ. ಅವಸರದಲ್ಲಿ ನೆಟ್ಟ ಕೊಂಬೆಗಳು ನೀರು ಹೆಚ್ಚಾಗಿ ಬುಡದಲ್ಲೇ ಕೊಳೆತವು. ಸಂಖ್ಯೆ ತುಂಬಿಸಲು ನರ್ಸರಿಯಿಂದ ಗಿಡ ಕೊಂಡು ತಂದೆವು. ಹಬ್ಬದ ದಿನ ಮಳಿಗೆ ಚೆನ್ನಾಗಿಯೇ ನಡೆಯಿತು, ಫೋಟೊಗಳೂ ಬಂದವು. ಸಂಜೆ ಜನ ಕರಗಿದ ಮೇಲೆ ನೋಡಿದರೆ ಕುರ್ಚಿಗಳ ಕೆಳಗೆ, ಕಾಂಪೌಂಡ್ ಗೋಡೆಯ ಮೇಲೆ, ಪ್ಲಾಸ್ಟಿಕ್ ಚೀಲದ ಸಮೇತ ಬಿಟ್ಟುಹೋದ ಗಿಡಗಳು. ಅವುಗಳನ್ನು ಒಂದೊಂದಾಗಿ ಆಯುತ್ತಿದ್ದವಳು ಅವಳೊಬ್ಬಳೇ.

ನವೆಂಬರಿನಲ್ಲಿ ಮತ್ತೆ ಆ ಮನೆಗೆ ಹೋದೆ. ಡಬ್ಬಿಗಳು ಅಲ್ಲೇ ಇದ್ದವು. ಮಣ್ಣು ಬಿರುಕು ಬಿಟ್ಟಿತ್ತು, ಗಿಡಗಳು ಒಣಗಿದ್ದವು. ಯಾಕಮ್ಮಾ ಎಂದೆ. ಅವಳು ನೆಲ ನೋಡುತ್ತಾ ಹೇಳಿದಳು: "ಅದು ಈಗ ನನ್ನ ಕೆಲಸ ಅಲ್ಲ ಅಲ್ವಾ ಫಾದರ್."

ತಾಯಿ ಪಕ್ಕದಲ್ಲೇ ನಿಂತಿದ್ದರು. ಬೇಡವಾಗಿದ್ದ ಡಬ್ಬಿಗಳು ಒಣಗಿದ್ದಕ್ಕೆ ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. "ಓದೋದೂ ಅಷ್ಟಕ್ಕಷ್ಟೇ ಆಗಿದೆ ಫಾದರ್. ಸುಮ್ಮನೆ ಕೂತಿರ್ತಾಳೆ" ಎಂದರು.

ಸಂತ ಥಾಮಸರೂ ಮೆಂಡೆಲರ ಮಠಾಧಿಪತಿಯೂ

ಆ ರಾತ್ರಿ ಸೆಮಿನರಿಯಲ್ಲಿ ಓದಿದ್ದ ಒಂದು ಪಾಠ ನೆನಪಾಯಿತು. ಪರೀಕ್ಷೆಗೆಂದು ಕಂಠಪಾಠ ಮಾಡಿ ಮರೆತಿದ್ದ ಪಾಠ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕಲಿಸಲು ಸಾಧ್ಯವೇ ಎಂದು ಸಂತ ಥಾಮಸ್ ಅಕ್ವಿನಾಸರು ಕೇಳಿಕೊಳ್ಳುತ್ತಾರೆ. ಅದಕ್ಕೆ ಅವರು ಕೊಡುವ ಹೋಲಿಕೆ ವೈದ್ಯನದು. ವೈದ್ಯ ಆರೋಗ್ಯವನ್ನು ತಯಾರಿಸಿ ರೋಗಿಯ ಮೈಯೊಳಗೆ ಇಡುವುದಿಲ್ಲ. ವಾಸಿಯಾಗುವ ಶಕ್ತಿ ದೇಹದ ಒಳಗೇ ಇದೆ. ವೈದ್ಯ ಹೊರಗಿನಿಂದ ಅದಕ್ಕೆ ನೆರವಾಗುತ್ತಾನೆ. ಗುರುವೂ ಹಾಗೆಯೇ. ಕಲಿಯುವ ಬೆಳಕು ವಿದ್ಯಾರ್ಥಿಯ ಒಳಗೇ ಇದೆ, ದೇವರು ಕೊಟ್ಟದ್ದು. ಗುರು ಅದಕ್ಕೆ ಆಸರೆ ಮಾತ್ರ. ಆಸರೆಯ ಕೋಲು ತಾನೇ ಬಳ್ಳಿಯಾಗಲು ಹೊರಟರೆ ಏನಾದೀತು? ನಾನು ಮಾಡಿದ್ದು ಅದನ್ನೇ.

ಆ ತಾಯಿಯ ಪ್ರಶ್ನೆಗೂ ಅಂದೇ ಒಂದು ಉತ್ತರ ಹೊಳೆಯಿತು. ಮಠದಲ್ಲಿಯೂ ಪರೀಕ್ಷೆ ಇತ್ತು! ಇಂದಿನ ಚೆಕ್ ಗಣರಾಜ್ಯದ ಬರ್ನೊ ನಗರದಲ್ಲಿ ಅಗಸ್ಟೀನ್ ಸಭೆಯ ಒಂದು ಮಠವಿದೆ. ಅಲ್ಲಿ ಗ್ರೆಗರ್ ಮೆಂಡೆಲ್ ಎಂಬ ಯುವ ಗುರುಗಳಿದ್ದರು. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದು ನಪಾಸಾದರು. 1856ರಲ್ಲಿ ಮತ್ತೆ ಪ್ರಯತ್ನಿಸಿದರು. ಆಗಲೂ ಪ್ರಮಾಣಪತ್ರ ಸಿಗಲಿಲ್ಲ. ಅವರ ಮಠಾಧಿಪತಿ ಸಿರಿಲ್ ನಾಪ್ ಕೈಬಿಡಲಿಲ್ಲ. ಮೊದಲ ಸೋಲಿನ ನಂತರ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿದರು. ಮಠದ ತೋಟದಲ್ಲಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಜಾಗ ಮೆಂಡೆಲರ ಬಟಾಣಿ ಗಿಡಗಳಿಗೆ ದೊರೆಯಿತು. 1856ರಿಂದ 1863ರವರೆಗೆ ಅವರು ಸುಮಾರು 28,000 ಗಿಡಗಳನ್ನು ಬೆಳೆಸಿ, ಕಾಳು ನುಣುಪೋ ಸುಕ್ಕೋ, ಹಳದಿಯೋ ಹಸಿರೋ ಎಂದು ಎಣಿಸಿದರು. 1866ರಲ್ಲಿ ಅದರ ಫಲ ಅಚ್ಚಾಯಿತು. ಹೆಚ್ಚಿನವರು ಗಮನಿಸಲಿಲ್ಲ. ಮೆಂಡೆಲ್ 1884ರಲ್ಲಿ ತೀರಿಕೊಂಡರು. 1900ರಲ್ಲಿ ವಿಜ್ಞಾನಿಗಳು ಅದನ್ನು ಮತ್ತೆ ಕಂಡುಕೊಂಡರು. ಇಂದು ಅನುವಂಶೀಯತೆಯ ಪಾಠ ಶುರುವಾಗುವುದೇ ಅವರ ಹೆಸರಿನಿಂದ. ನಮ್ಮ ಮಕ್ಕಳೂ ಅದನ್ನು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದುತ್ತಾರೆ.

ತೋಟ ಮಾಡಿದ ಮಕ್ಕಳೆಲ್ಲ ಮೆಂಡೆಲ್ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಹಿರಿಯರೊಬ್ಬರು ಏನು ಕೊಡಬಹುದು ಎಂಬುದನ್ನು ಗಮನಿಸಿ: ಜಾಗ, ಸಮಯ, ಓದಲು ಅವಕಾಶ, ಸೋತಾಗ ಆಸರೆ. ಪ್ರಶ್ನೆ ಮಾತ್ರ ಮೆಂಡೆಲರದ್ದೇ ಆಗಿತ್ತು.

ಕೊಟ್ಟದ್ದು ಮರಳಿ ಬಂತು

ಮರುವಾರ ಹೋಗಿ ಮನೆಯವರೆಲ್ಲರ ಮುಂದೆ ಆ ಹುಡುಗಿಯ ಕ್ಷಮೆ ಕೇಳಿದೆ. "ನಿನ್ನ ಕೆಲಸವನ್ನು ನಿನ್ನ ಕೈಯಿಂದ ಕಿತ್ತುಕೊಂಡೆ ಮಗಳೇ, ತಪ್ಪಾಯಿತು" ಎಂದೆ. ಅವಳು ತಲೆಯಾಡಿಸಿದಳು. ಅಷ್ಟೆ. ಡಬ್ಬಿಗಳು ಮಾತ್ರ ಒಣಗಿಯೇ ಇದ್ದವು. ಕ್ಷಮೆ ಕೇಳಿದ ಕೂಡಲೇ ಗಿಡ ಚಿಗುರುವುದಿಲ್ಲ.

ಜನವರಿಯಲ್ಲಿ ಅವಳಿಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸು ಆ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ದೊಡ್ಡಪತ್ರೆ ಕೊಂಬೆ. "ಇದನ್ನು ನನಗೆ ಪಾತ್ರೆ ಅಂಗಡಿಯವರು ಕೊಟ್ಟದ್ದು. ಬೆಳೆದ ಮೇಲೆ ಇನ್ನೊಬ್ಬರಿಗೆ ಕೊಡಲೇಬೇಕು ಅಂದಿದ್ದರು. ಯಾರಿಗೆ ಕೊಡಲಿ ಅಂತ ಕೇಳಿದೆ. ಈ ಮನೆಯಲ್ಲಿ ಒಣಗಿದೆಯಂತೆ, ಅಲ್ಲಿಗೆ ಕೊಡಿ ಅಂದರು" ಎಂದರಂತೆ. ಹುಡುಗಿ ತನ್ನ ಪುಸ್ತಕ ತೆರೆದು ನೋಡಿದಳು. "ಜುಲೈ 3. ದೊಡ್ಡಪತ್ರೆ. ಪಾತ್ರೆ ಅಂಗಡಿ." ಅವಳದೇ ಗಿಡ ಎರಡು ಮನೆ ಸುತ್ತಿ ಮರಳಿ ಬಂದಿತ್ತು.

ಅಂದು ಸಂಜೆಯೇ ಒಂದು ಡಬ್ಬಿಯ ಮಣ್ಣು ಸಡಿಲವಾಯಿತು.

ಗಿಡ ಬೆಳೆಸಿದವರಿಗೆಲ್ಲ ಗೊತ್ತಿರುವ ಸತ್ಯ ಇದು. ಒಂದೇ ಮನೆಯಲ್ಲಿ ಇಟ್ಟುಕೊಂಡ ತಳಿ ಒಂದು ಬೇಸಿಗೆಗೆ ಇಲ್ಲವಾಗಬಹುದು. ಹತ್ತು ಮನೆಗೆ ಹಂಚಿದ್ದು ಎಲ್ಲೋ ಒಂದು ಕಡೆ ಬದುಕಿರುತ್ತದೆ. ಹಂಚುವುದು ದಾನ ಮಾತ್ರವಲ್ಲ, ಕಾಪಾಡುವ ದಾರಿಯೂ ಹೌದು.

ಕೊಟ್ಟವರ ಹೆಸರು

ಅವಳ ಪಟ್ಟಿಗಳ ಮೇಲೆ ಗಿಡದ ಹೆಸರಿನ ಜೊತೆ ಕೊಟ್ಟವರ ಗುರುತೂ ಇತ್ತೆಂದು ಹೇಳಿದೆನಲ್ಲ, ಅದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಸಿದ್ಧಪಡಿಸಿದ 'ಹೋರ್ಟುಸ್ ಮಲಬಾರಿಕುಸ್' ಎಂಬ ಗ್ರಂಥ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಆರಂಭದ ಹಂತದಲ್ಲಿ ಅದಕ್ಕೆ ನೆರವಾದವರಲ್ಲಿ ಸಂತ ಜೋಸೆಫರ ಮ್ಯಾಥ್ಯೂ ಎಂಬ ಕಾರ್ಮೆಲ್ ಸಭೆಯ ಗುರು ಒಬ್ಬರು. ಆದರೆ ಗಿಡಗಳ ನಿಜವಾದ ತಿಳಿವಳಿಕೆ ಬಂದದ್ದು ಇಟ್ಟಿ ಅಚ್ಯುದನ್ ಎಂಬ ಸ್ಥಳೀಯ ವೈದ್ಯರಿಂದ, ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರಿಂದ. ಅವರ ಹೆಸರುಗಳೂ ಗ್ರಂಥದಲ್ಲಿ ಅಚ್ಚಾಗಿವೆ. ಅಚ್ಯುದನರ ಹೇಳಿಕೆಯಂತೂ ಅವರದೇ ಲಿಪಿಯಲ್ಲಿದೆ. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರವೂ ನಮಗೆ ಅವರ ಹೆಸರು ತಿಳಿದಿರುವುದು ಯಾರೋ ಬರೆದಿಟ್ಟದ್ದರಿಂದ. ನಮ್ಮ ಅಜ್ಜಿಯಂದಿರ ಹೆಸರು ಎಲ್ಲಿ ಬರೆದಿದೆ? ಒಂದು ಐಸ್‌ಕ್ರೀಂ ಡಬ್ಬಿಯ ಮುಚ್ಚಳದ ಮೇಲಾದರೂ ಇರಲಿ.

ಎಲೆಗೂ ಒಂದು ಮಿತಿ ಇದೆ

ಕಳೆದ ಮಳೆಗಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ಆ ಬೀದಿಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಹುಡುಗಿಯಿಂದ ಅಮೃತಬಳ್ಳಿ ಒಯ್ದು ನೆಟ್ಟು, ದಿನವೂ ಕಷಾಯ ಕುಡಿಯತೊಡಗಿದರು. ಅಷ್ಟಕ್ಕೆ ನಿಲ್ಲದೆ, ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಸಕ್ಕರೆ ಏರಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಐದು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಹುಡುಗಿ ಅಳುತ್ತಾ ಬಂದಳು: "ನಾನು ಕೊಟ್ಟದ್ದು ಫಾದರ್."

ನೀನು ಕೊಟ್ಟದ್ದು ಬಳ್ಳಿ, ಮಾತ್ರೆ ಬಿಡಿ ಎಂದು ನೀನು ಹೇಳಲಿಲ್ಲ ಎಂದೆ. ಅವಳಿಗೆ ಅಷ್ಟು ಸಾಲಲಿಲ್ಲ. ಆ ಹಿರಿಯರನ್ನು ನೋಡಿದ ವೈದ್ಯರ ಬಳಿಗೆ ಅಪ್ಪನ ಜೊತೆ ಹೋಗಿ ಕೇಳಿ ತಿಳಿದುಕೊಂಡಳು. 2021ರಲ್ಲಿ ಮುಂಬಯಿಯ ತಜ್ಞರು ಅಮೃತಬಳ್ಳಿ ಸೇವಿಸುತ್ತಿದ್ದ ಆರು ಮಂದಿಯಲ್ಲಿ ಯಕೃತ್ತಿನ ತೊಂದರೆ ಕಂಡದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದನ್ನೇ ಹೋಲುವ ಬೇರೊಂದು ಬಳ್ಳಿಯ ಗೊಂದಲ ಇರಬಹುದು ಎಂದಿತು. ವಾದ ಏನೇ ಇರಲಿ, ನಮಗೆ ಎರಡು ಪಾಠಗಳಿವೆ. ಗಿಡದ ಗುರುತು ಸರಿಯಾಗಿ ಗೊತ್ತಿಲ್ಲದೆ ಬಾಯಿಗೆ ಹಾಕಬಾರದು. ಗುರುತು ಗೊತ್ತಿದ್ದರೂ, ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ದಿನವೂ ಸೇವಿಸಬಾರದು.

ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ. ಭೂಮಿಯಿಂದ ಔಷಧಿಯನ್ನು ಹುಟ್ಟಿಸಿದವರು ದೇವರೇ, ವಿವೇಕಿಗಳು ಅದನ್ನು ಹೀನೈಸುವುದಿಲ್ಲ ಎಂದು ಆ ಜ್ಞಾನಿ ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸಿರಿ, ಅವನಿಗೂ ಸ್ಥಾನ ಕೊಡಿರಿ ಎಂದೂ ಹೇಳುತ್ತಾನೆ. ಪ್ರಾರ್ಥನೆ, ಗಿಡ, ವೈದ್ಯ ಮೂರನ್ನೂ ಅವನು ಒಟ್ಟಿಗೆ ಇಡುತ್ತಾನೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಭಕ್ತಿಯಲ್ಲ.

ಈಗ ಆ ಹುಡುಗಿಯ ಅಮೃತಬಳ್ಳಿಯ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿದೆ: "ಮಾತ್ರೆ ಬಿಡಬೇಡಿ. ಡಾಕ್ಟರನ್ನು ಕೇಳಿ." ಹದಿನೈದರ ವಯಸ್ಸಿನಲ್ಲಿ ತನ್ನ ಕೈಯಿಂದ ಹೋದದ್ದಕ್ಕೆ ತಾನು ಹೊಣೆ ಎಂದು ತಿಳಿಯುವುದು ಯಾವ ಪಠ್ಯದಲ್ಲಿ ಸಿಗುತ್ತದೆ?

ಮನೆಯಲ್ಲಿ ಹೀಗೆ ಆರಂಭಿಸಬಹುದು

ನಿಮ್ಮ ಮಕ್ಕಳಿಗೆ ಆಸೆಯಿದ್ದರೆ ಹಣ ಬೇಕಿಲ್ಲ. ಹಳೆಯ ಡಬ್ಬಿಯ ತಳಕ್ಕೆ ಮೂರು ನಾಲ್ಕು ತೂತು ಕೊರೆಯಿರಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಸಮಪಾಲು ಬೆರೆಸಿ. ಔಷಧಿ ಅಥವಾ ಕೀಟನಾಶಕ ತುಂಬಿದ್ದ ಡಬ್ಬಿಗಳು ಮಾತ್ರ ಬೇಡವೇ ಬೇಡ.

ದೊಡ್ಡಪತ್ರೆ: ಗೇಣುದ್ದದ ಕೊಂಬೆಯ ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಒಂದು ವಾರ ನೆರಳಿನಲ್ಲಿಡಿ. ನೀರು ಕಡಿಮೆ ಇರಲಿ. ಎಲೆಯಿಂದ ಕೆಮ್ಮಿಗೆ ರಸ ಮಾತ್ರವಲ್ಲ, ತಂಬುಳಿ, ಬಜ್ಜಿಯೂ ಆಗುತ್ತದೆ.

ಪುದೀನ: ಸಂತೆಯಿಂದ ತಂದ ಕಟ್ಟಿನಲ್ಲೇ ಗಟ್ಟಿ ಕಡ್ಡಿ ಆರಿಸಿ ನೀರಿನ ಲೋಟದಲ್ಲಿಡಿ. ಬೇರು ಬಿಟ್ಟ ಮೇಲೆ ನೆಡಿ. ಇದು ಹರಡುವ ಗಿಡ. ಬೇರೆ ಡಬ್ಬಿಯೇ ಬೇಕು.

ಒಂದೆಲಗ: ನೆಲದ ಮೇಲೆ ಹರಿಯುವ ಬಳ್ಳಿಯ ಒಂದೊಂದು ಗಿಣ್ಣಿನಲ್ಲೂ ಬೇರಿರುತ್ತದೆ. ಅರೆನೆರಳು, ಸದಾ ತೇವ ಇಷ್ಟ. ಚರಂಡಿಯ ಬದಿಯಿಂದ ಕಿತ್ತು ತಿನ್ನಬೇಡಿ. ಮನೆಯಲ್ಲಿ ಬೆಳೆಸಿದ್ದರ ಚಟ್ನಿ ಮಾಡಿ.

ಮಜ್ಜಿಗೆ ಹುಲ್ಲು: ಬೇರು ಸಮೇತ ಒಂದು ಸಿಬುರನ್ನು ಬೇರ್ಪಡಿಸಿ ನೆಟ್ಟರೆ ಸಾಕು, ವರ್ಷದೊಳಗೆ ದೊಡ್ಡ ಹಿಂಡಾಗುತ್ತದೆ. ಹಂಚಲು ಇದಕ್ಕಿಂತ ಸುಲಭದ ಗಿಡವಿಲ್ಲ.

ತುಳಸಿ: ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ ತೆಳುವಾಗಿ ಮುಚ್ಚಿ. ಕದಿರು ಬಂದಾಗ ಚಿವುಟಿದರೆ ಎಲೆ ಹೆಚ್ಚು. ಒಂದೆರಡು ಕದಿರನ್ನು ಬೀಜಕ್ಕೆ ಬಿಡಿ.

ಕೊತ್ತಂಬರಿ: ಬೀಜವನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿ. ಸಣ್ಣ ಮಕ್ಕಳಿಗೆ ಮೊದಲ ಪಾಠ ಇದೇ ಆಗಲಿ. ಎರಡು ವಾರ ಕಾಯುವುದನ್ನು ಅದು ಕಲಿಸುತ್ತದೆ.

ಪೋಷಕರಿಗೆ ನಾಲ್ಕು ಮಾತು

ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ 'ಲಾವ್‌ದಾತೊ ಸೀ' ಪರಿಪತ್ರದಲ್ಲಿ, ಸೃಷ್ಟಿಯನ್ನು ಕಾಪಾಡುವ ಶಿಕ್ಷಣಕ್ಕೆ ಕುಟುಂಬವನ್ನು ಮುಖ್ಯ ನೆಲೆಯಾಗಿ ತೋರಿಸಿದ್ದಾರೆ. ದಿನನಿತ್ಯದ ಸಣ್ಣ ಸಣ್ಣ ಕೆಲಸಗಳಿಗೂ ಬೆಲೆಯಿದೆ ಎಂದಿದ್ದಾರೆ. ನನ್ನ ತಪ್ಪಿನಿಂದ ನಾನು ಕಲಿತದ್ದನ್ನು ಅದರೊಂದಿಗೆ ಸೇರಿಸಿ ಹೇಳುತ್ತೇನೆ.

1. ಜಾಗ ಕೊಟ್ಟ ಮೇಲೆ ಅಧಿಕಾರವನ್ನೂ ಕೊಡಿ. ಯಾವ ಗಿಡ, ಯಾರಿಗೆ, ಯಾವಾಗ ಎಂಬುದನ್ನು ಮಗುವೇ ನಿರ್ಧರಿಸಲಿ. ಅದು ಗಿಡವಾಗಲಿ, ಚಿತ್ರವಾಗಲಿ, ಹಳೆಯ ರೇಡಿಯೋ ಬಿಚ್ಚುವುದಾಗಲಿ, ನಿಯಮ ಒಂದೇ.

2. ಕೊಳೆತರೆ ಕೊಳೆಯಲಿ. ನೀರು ಹೆಚ್ಚಾಯಿತೆಂದು ಗಿಡವೇ ಹೇಳುತ್ತದೆ. "ನಾನು ಅಂದೇ ಹೇಳಿರಲಿಲ್ಲವೇ" ಎಂಬ ಮಾತನ್ನು ನುಂಗಿಕೊಳ್ಳಿ.

3. ಬಹುಮಾನ, ಪ್ರದರ್ಶನ, ಹಣ ಇವುಗಳನ್ನು ಹಿರಿಯರು ನಡುವೆ ತರುವುದು ಬೇಡ. ಒಳ್ಳೆಯ ಉದ್ದೇಶವೂ ಮಗುವಿನ ಉದ್ದೇಶವನ್ನು ನುಂಗಬಲ್ಲದು.

4. ಓದಿಗೂ ಗಿಡಕ್ಕೂ ಹೊತ್ತನ್ನು ಮಗುವಿನ ಜೊತೆ ಕುಳಿತು ಗೊತ್ತುಮಾಡಿ. ಆ ಮನೆಯಲ್ಲಿ ಹಾಗೆಯೇ ಆಯಿತು: ದಿನಕ್ಕೆ ಅರ್ಧ ಗಂಟೆ ಗಿಡಕ್ಕೆ, ಪರೀಕ್ಷೆಯ ತಿಂಗಳುಗಳಲ್ಲಿ ನೀರು ಹಾಕುವ ಕೆಲಸ ಅಜ್ಜಿಯದು.

ಫಲಿತಾಂಶ ಏನಾಯಿತೆಂದು ಕೇಳುತ್ತೀರಿ. ಈ ವರ್ಷ ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ. ಪತ್ರಿಕೆಯಲ್ಲಿ ಫೋಟೊ ಬರುವಷ್ಟು ಅಂಕವಿಲ್ಲ; ಗಣಿತದಲ್ಲಿ ತಾಯಿ ಬಯಸಿದ್ದಕ್ಕಿಂತ ಕಡಿಮೆಯೇ ಬಂದಿದೆ. ಆದರೆ ಹಾಸ್ಟೆಲ್ ಸೀಟು ಸಿಕ್ಕಿದೆ. ಹೊರಡುವ ಮುನ್ನ ನೋಟ್ ಪುಸ್ತಕವನ್ನು ತಾಯಿಯ ಕೈಗೆ ಕೊಟ್ಟು ಹೋದಳು. ಮೊನ್ನೆ ಆ ದಾರಿಯಲ್ಲಿ ಬರುವಾಗ ನೋಡಿದೆ. ಯಾರೋ ಗೇಟಿನ ಹೊರಗೆ ನಿಂತು ಮಜ್ಜಿಗೆ ಹುಲ್ಲು ಕೇಳುತ್ತಿದ್ದರು. ಆ ತಾಯಿ ಕುಕ್ಕರುಗಾಲಲ್ಲಿ ಕುಳಿತು ಬೇರು ಬಿಡಿಸುತ್ತಾ ಹೇಳುತ್ತಿದ್ದರು: "ಇದು ನನ್ನ ಮಗಳ ಗಿಡ. ಬೆಳೆದ ಮೇಲೆ ನೀವೂ ಒಬ್ಬರಿಗೆ ಕೊಡಬೇಕು, ಆಯಿತಾ?"

ನಾನು ಮಾತಾಡಿಸದೆ ಮುಂದೆ ನಡೆದೆ. ನೆಟ್ಟವರೊಬ್ಬರು, ನೀರು ಹಾಕಿದವರೊಬ್ಬರು, ಬೆಳೆಸುವವರು ದೇವರು ಎಂದು ಸಂತ ಪೌಲರು ಕೊರಿಂಥದವರಿಗೆ ತಿಳಿಹೇಳಿದ್ದು ನೆನಪಾಯಿತು.

ಮನೆಯವರೆಲ್ಲ ಕುಳಿತು ಮಾತಾಡಲು

ನಮ್ಮ ಮಕ್ಕಳು ಯಾರೂ ಹೇಳದೆ, ತಾವಾಗಿಯೇ ಇಷ್ಟಪಟ್ಟು ಮಾಡುವ ಒಂದು ಕೆಲಸ ಯಾವುದು? ಅದನ್ನು ನಾವು ಬೈದು ನಿಲ್ಲಿಸಿದ್ದೇವೆಯೇ, ಇಲ್ಲವೇ ಹೊಗಳಿ ಕಸಿದುಕೊಂಡಿದ್ದೇವೆಯೇ?

ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿರುವ ಗಿಡಗಳಲ್ಲಿ ಮಕ್ಕಳು ಹೆಸರಿಡಿದು ಗುರುತಿಸಬಲ್ಲವು ಎಷ್ಟು?

ಈ ವಾರ ನಮ್ಮ ಮನೆಯಿಂದ ಇನ್ನೊಂದು ಮನೆಗೆ ಕೊಡಬಹುದಾದ ಒಂದು ಕೊಂಬೆ ಯಾವುದು?